ವಿಭೂತಿಯ ಮೇಲೆ ಮೂಡಿದ ಗೆರೆ

"ಗುರುಗಳೇ, ನಾವು ಪ್ರೀತಿಸುವವರಲ್ಲಿ ಒಂದು ಕುಂದು ಕಂಡರೆ ಅದನ್ನು ಹೇಳಬೇಕೋ, ಮುಚ್ಚಬೇಕೋ?" ಎಂದು ಶಿಷ್ಯ ಬಸಲಿಂಗ ಕೇಳಿದ.

ಅಂದು ಬೆಳಿಗ್ಗೆ ಗುರುಗಳು ಹಿಂದಿನ ದಿನ ಮುಗಿಸಿದ್ದ ಪಾಠವನ್ನೇ ಮತ್ತೆ ಮೊದಲಿನಿಂದ ಹೇಳಿದ್ದರು. ಶಿಷ್ಯರೆಲ್ಲ ಹೊಸದಾಗಿ ಕೇಳುವವರಂತೆ ತಲೆಯಾಡಿಸಿದ್ದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಬಸಲಿಂಗನೇ.

"ಪ್ರಶ್ನೆ ಕೇಳುವುದು ನನ್ನನ್ನು, ನೋಡುವುದು ನೆಲವನ್ನು. ನೆಲ ಉತ್ತರ ಹೇಳುತ್ತದೇನೋ? ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಕುಸುಬಲಕ್ಕಿ ಗಿರಣಿ ನಡೆಸುತ್ತಿದ್ದರು. ಭತ್ತ ಬೇಯಿಸುವುದಕ್ಕೆ ಬಾಯ್ಲರಿನಿಂದ ತೊಟ್ಟಿಗೆ ಆವಿ ಒಯ್ಯುವ ಕಬ್ಬಿಣದ ಪೈಪು ಇತ್ತು. ಅದನ್ನು ಅಣ್ಣನೇ ಬೆಸುಗೆ ಹಾಕಿ ಕೂಡಿಸಿದ್ದ. ಗಿರಣಿಗೆ ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು, ಇಂದಿನವರೆಗೆ ಒಂದು ಹನಿ ಸೋರಿಲ್ಲ ನೋಡಿ, ಎನ್ನುತ್ತಿದ್ದ. ತಮ್ಮನಿಗೆ ಅಣ್ಣನೆಂದರೆ ಜೀವ. ಹೆತ್ತವರು ಹೋದ ಮೇಲೆ ಅವನನ್ನು ಸಾಕಿ ಬೆಳೆಸಿದವನು ಅಣ್ಣನೇ.

ಆಯುಧಪೂಜೆ ಬಂತು. ಬಾಯ್ಲರು ಆರಿಸಿದರು. ತಮ್ಮ ಪೈಪಿನ ಜಿಡ್ಡನ್ನು ಸೀಮೆಎಣ್ಣೆಯಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಮೇಲೆ ಒಣ ವಿಭೂತಿ ಬಳಿದ. ಹೂ ತಂದು ನೋಡುತ್ತಾನೆ, ಬೆಳ್ಳನೆಯ ವಿಭೂತಿಯ ಮೇಲೆ ಕೂದಲೆಳೆಯಂಥ ಒಂದು ಒದ್ದೆ ಗೆರೆ! ಒರೆಸಿ ಮತ್ತೆ ಬಳಿದ. ಮತ್ತೆ ಅದೇ ಜಾಗದಲ್ಲಿ ಮೂಡಿತು. ಕಬ್ಬಿಣ ಬಿರಿದಿದೆ, ಬಿರುಕಿನೊಳಗೆ ಇಳಿದ ಎಣ್ಣೆ ಹೊರಗೆ ಬರುತ್ತಿದೆ ಎಂದು ಅವನಿಗೆ ತಿಳಿಯಿತು. ಅಯ್ಯೋ, ಹಬ್ಬದ ದಿನ ಇದನ್ನು ಅಣ್ಣನಿಗೆ ಹೇಗೆ ಹೇಳಲಿ, ಎಷ್ಟು ನೊಂದುಕೊಳ್ಳುತ್ತಾನೋ ಎಂದು ಸಂಕಟಪಟ್ಟ. ಗೆರೆಯ ಮೇಲೆ ಇನ್ನಷ್ಟು ವಿಭೂತಿ ಮೆತ್ತಿದ. ಅದರ ಮೇಲೆ ಚೆಂಡುಹೂವಿನ ಮಾಲೆ ಸುತ್ತಿದ. ಪುಣ್ಯಾತ್ಮ, ಕುಂಕುಮವನ್ನೂ ಇಟ್ಟ!

ನಗಬೇಡ. ಅದು ಪ್ರೀತಿಯೇ ಕಣಪ್ಪಾ, ಅದರಲ್ಲಿ ಸುಳ್ಳಿರಲಿಲ್ಲ.

ಮಂಗಳಾರತಿ ಆಯಿತು. ಬಾಯ್ಲರಿಗೆ ಬೆಂಕಿ ಹಾಕಿದರು, ಆವಿ ಕಟ್ಟಿತು. ಅಣ್ಣ ಪೈಪಿಗೆ ಆವಿ ಬಿಡುವ ವಾಲ್ವ್ ತಿರುಗಿಸಲು ಬಂದು ನಿಂತ. ವಾಲ್ವ್ ಇದ್ದದ್ದು ಆ ಮಾಲೆಯ ಪಕ್ಕದಲ್ಲೇ. ತಿರುಗಿಸಬೇಕೆಂದರೆ ಮುಖವನ್ನು ಪೈಪಿನ ಹತ್ತಿರಕ್ಕೆ ಒಯ್ಯಬೇಕು. ಅದು ಕಂಡದ್ದೇ ತಡ, ತಮ್ಮ "ಬೇಡ ಅಣ್ಣಾ!" ಎಂದು ಕೂಗುತ್ತ ಓಡಿಬಂದು, ಅವನನ್ನು ತಬ್ಬಿ ಹಿಂದಕ್ಕೆ ಎಳೆದ. ಅಳುತ್ತಳುತ್ತ ಎಲ್ಲವನ್ನೂ ಹೇಳಿದ.

ಅಣ್ಣ ಬೆಂಕಿ ಆರಿಸಿದ. ಮಾಲೆ ತೆಗೆದ. ತಾನೇ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಪೈಪಿನ ಸುತ್ತಲೂ ವಿಭೂತಿ ಬಳಿದ. ಇಬ್ಬರೂ ಕಾದು ಕೂತರು. ತಮ್ಮ ಕಂಡಿದ್ದದ್ದು ಬೆರಳುದ್ದದ ಗೆರೆ. ಅದು ಪೈಪಿನ ಅಡಿಗೆ ಹೊರಳಿ ಗೇಣುದ್ದ ಹೋಗಿತ್ತು.

"ನೀನೇ ಹಾಕಿದ ಬೆಸುಗೆ ಅಲ್ಲವೇ ಅಣ್ಣಾ, ನೊಂದುಕೊಳ್ಳುತ್ತೀಯೆಂದು ಹೇಳಲಿಲ್ಲ" ಎಂದ ತಮ್ಮ.

"ನೊಂದುಕೊಂಡೆ, ಆಯಿತಲ್ಲ? ಇನ್ನು ಕಣ್ಣೊರೆಸಿಕೊಂಡು ಗರಗಸ ತಾ, ದಡ್ಡ. ಎಲ್ಲಿಯವರೆಗೆ ಬಿರಿದಿದೆ ಎಂದು ಗೊತ್ತಾದರೆ ಉಳಿದದ್ದನ್ನು ನಂಬಬಹುದು" ಎಂದ ಅಣ್ಣ.

ಬಿರುಕು ಮುಗಿದ ಜಾಗದಿಂದ ಇನ್ನೂ ಸ್ವಲ್ಪ ಆಚೆಗೆ ಕೊಯ್ದು ಆ ಭಾಗವನ್ನು ತೆಗೆದರು. ಹೊಸ ತುಂಡು ಕೂಡಿಸಿದರು. ಮೊದಲು ತಣ್ಣೀರು ತುಂಬಿಸಿ, ಒತ್ತಡ ಕೊಟ್ಟು ನೋಡಿದರು, ಆಮೇಲೆ ಆವಿ ಬಿಟ್ಟರು. ಉಳಿದ ಹಳೆಯ ಪೈಪು ಬಹಳ ವರ್ಷ ಭತ್ತ ಬೇಯಿಸಿತು.

ಕತೆ ಮುಗಿಯಿತು. ಬಸಲಿಂಗ ನಮಸ್ಕರಿಸಿ, "ಅರ್ಥವಾಯಿತು ಗುರುಗಳೇ" ಎಂದು ಏಳಹೋದ. ಗುರುಗಳು ಅವನ ಕೈಹಿಡಿದು ಮತ್ತೆ ಕೂರಿಸಿಕೊಂಡರು.

"ಹಾಗಾದರೆ ಹೇಳು ಮಗು, ನನ್ನ ಮರೆವು ಎಲ್ಲಿಯವರೆಗೆ ಬಂದಿದೆ?"