ತಾನೇ ಬರೆದ ಮುಖವೀಣೆ

"ಗುರುಗಳೇ, ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸಲಕರಣೆಗಳನ್ನು ತೆಗೆದುಕೊಂಡು ನಾನೊಂದು ಸಿಂಥಸೈಜರ್ ಕಟ್ಟಿದರೆ, ಅದು ನನ್ನದು ಅನ್ನಿಸಿಕೊಳ್ಳುತ್ತದೆಯೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು.

"ಮತ್ತೆ ಅದೇ ಪ್ರಶ್ನೆ! ನೀನು ಇಲ್ಲಿಗೆ ಬಂದದ್ದು ಕಂಪ್ಯೂಟರಿನಲ್ಲಿ ವಾದ್ಯ ಕಟ್ಟುವುದನ್ನು ಕಲಿಯುವುದಕ್ಕೆ. ಬಂದಾಗಿನಿಂದ ಒಂದು ಷಡ್ಜ ನುಡಿಸಿ ತೋರಿಸಿಲ್ಲ. ಇದು ನನ್ನದೋ ಅವರದೋ, ಬರೀ ಇದೇ ಆಯಿತು. ಲ್ಯಾಪ್‌ಟಾಪ್ ಮುಚ್ಚು. ಮುಚ್ಚಯ್ಯಾ! ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಶಿಷ್ಯ ಲ್ಯಾಪ್‌ಟಾಪ್ ಮುಚ್ಚಿ ಕೂತ. ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವಾದ್ಯ ಬರೆಯುವವನಿದ್ದ. ಹೌದು, ಬರೆಯುವವನೇ. ಮರ ಕೊರೆದು, ತೊಗಲು ಬಿಗಿದು ಮಾಡುವವನಲ್ಲ. ಕೋಡ್ ಬರೆದು ನಾದ ಹುಟ್ಟಿಸುವವನು, ನಿನ್ನ ಹಾಗೆ. ಕೈ ಚುರುಕಾಗಿತ್ತು. ಕಿವಿಯೂ ತಕ್ಕಮಟ್ಟಿಗೆ ಇತ್ತು. ತಲೆ ಮಾತ್ರ ಸ್ವಲ್ಪ ಭಾರವಾಗಿತ್ತು.

ಅದೇ ಊರಿನಲ್ಲಿ ಒಬ್ಬ ಮುದುಕನಿದ್ದ. ತೊಗಲುಗೊಂಬೆ ಆಡಿಸುವ ಮೇಳದಲ್ಲಿ ಮುಖವೀಣೆ ಊದಿ ಬಾಳಿದವನು. ಮುಖವೀಣೆ ಅಂದರೆ ವೀಣೆಯಲ್ಲ, ಗೇಣುದ್ದದ ಊದುವ ವಾದ್ಯ. ನಾಗಸ್ವರದ ಮರಿ ಅಂದುಕೋ. ಹಲ್ಲು ಉದುರಿದ ಮೇಲೆ ಅವನಿಗೆ ಊದಲು ಆಗಲಿಲ್ಲ. ಆ ಸೀಮೆಯಲ್ಲಿ ಊದುವವರು ಬೇರೆ ಯಾರೂ ಉಳಿದಿರಲಿಲ್ಲ. ಅವನು ಊದುತ್ತಿದ್ದ ಕಾಲದಲ್ಲಿ ಅದನ್ನು ರೆಕಾರ್ಡ್ ಮಾಡಿಡಬೇಕು ಅಂತ ಒಬ್ಬನಿಗೂ ಹೊಳೆಯಲಿಲ್ಲ. ನಮ್ಮ ಜನವೇ ಹಾಗೆ, ಇದ್ದಾಗ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಆ ದನಿ ಉಳಿದದ್ದು ಒಂದೇ ಜಾಗದಲ್ಲಿ, ಮುದುಕನ ಕಿವಿಯಲ್ಲಿ. ಆ ಕಿವಿಯೂ ಹೋಗುತ್ತಿತ್ತು. ಒಂದು ಆಗಲೇ ಮುಚ್ಚಿತ್ತು. ಇನ್ನೊಂದೂ ಹೆಚ್ಚು ಕಾಲ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಮುದುಕ ಮೊಮ್ಮಗಳ ಕೈ ಹಿಡಿದುಕೊಂಡು ವಾದ್ಯ ಬರೆಯುವವನ ಮನೆಗೆ ಬಂದ. ಮೇಳದಲ್ಲಿ ಈಗ ಹಾರ್ಮೋನಿಯಂ ನುಡಿಸುತ್ತಿದ್ದವಳು ಆ ಮೊಮ್ಮಗಳೇ.

"ಅಪ್ಪಾ, ನಿನ್ನ ಯಂತ್ರದಲ್ಲಿ ಮುಖವೀಣೆ ದನಿ ಹುಟ್ಟಿಸಿಕೊಡು. ಸರಿಯಾಯಿತೋ ಇಲ್ಲವೋ ನಾನು ಹೇಳುತ್ತೇನೆ. ಕಿವಿ ಇರುವಾಗಲೇ ಆಗಿಬಿಡಲಿ. ಆಮೇಲೆ ಈ ಮಗು ಕೀಬೋರ್ಡಿನಲ್ಲಿ ನುಡಿಸಿಕೊಳ್ಳುತ್ತದೆ" ಎಂದು ಮುದುಕ ಕೇಳಿದ.

ವಾದ್ಯ ಬರೆಯುವವನು ಒಪ್ಪಿದ. ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದ. ಅಲ್ಲಿಯೇ ಕೂತು ಒಂದು ಮುಕ್ತ ತಂತ್ರಾಂಶ ತೆರೆದ. ಯಾವ ಯಾವ ದೇಶದವರೋ ಸೇರಿ ವರ್ಷಗಟ್ಟಲೆ ಬರೆದು, ತೆಗೆದುಕೊಳ್ಳಿ, ಬಿಚ್ಚಿ ನೋಡಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಎಂದು ಬಿಟ್ಟದ್ದು. ನಾದದ ಅಲೆ ಹುಟ್ಟಿಸುವುದು, ಅದನ್ನು ಸೋಸುವ ಫಿಲ್ಟರ್, ಎಲ್ಲ ಅದರಲ್ಲಿ ಸಿದ್ಧವಾಗಿತ್ತು. ಇದನ್ನು ಅದಕ್ಕೆ ಜೋಡಿಸಿದ, ಅದನ್ನು ಇದಕ್ಕೆ ಜೋಡಿಸಿದ. ಮಧ್ಯಾಹ್ನ ಕಳೆಯುವುದರೊಳಗೆ ಒಂದು ದನಿ ಎದ್ದಿತು. ಮುದುಕ ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದ. ಅವನ ಕಣ್ಣಲ್ಲಿ ನೀರು ಬಂತು.

"ಹತ್ತಿರ ಬಂತಪ್ಪಾ. ಮೂಗಿನ ದನಿ ಸ್ವಲ್ಪ ಜಾಸ್ತಿ ಆಯಿತು. ಅದೊಂದು ಇಳಿಸು, ನಾಳೆ ಬರುತ್ತೇನೆ" ಎಂದ.

ಗಮನಿಸಿದೆಯಾ? ಮೂಗು ಇಳಿಸುವುದು! ಬಾಕಿ ಇದ್ದದ್ದು ಅಷ್ಟೇ ಕೆಲಸ.

ಸಂಜೆ ಅವನ ಗೆಳೆಯನೊಬ್ಬ ಬಂದ. ಎಲ್ಲ ನೋಡಿ, "ಅಲೆ ಅವರದು, ಫಿಲ್ಟರ್ ಅವರದು. ಇದರಲ್ಲಿ ನಿನ್ನದೇನಿದೆ?" ಎಂದ. ಹಾಳು ಬಾಯಿ. ಅಷ್ಟು ಹೇಳಿ, ಕಾಫಿ ಕುಡಿದು ಎದ್ದುಹೋದ. ಅವನದೇನು ಹೋಗಬೇಕು?

ಆ ಮಾತು ಇವನ ಹೊಟ್ಟೆಯೊಳಗೆ ಕೂತಿತು. ಆ ತಂತ್ರಾಂಶ ಬರೆದವರು ಕೇಳಿದ್ದು ಎರಡೇ: ನಮ್ಮ ಹೆಸರು ಅಳಿಸಬೇಡಿ, ನೀವು ತಿದ್ದಿದ್ದನ್ನು ಬೇರೆಯವರಿಗೂ ತೋರಿಸಿ. ಇವನು ಆ ಹೆಸರುಗಳನ್ನು ಓದುತ್ತಾ ಕೂತ. ಓದಿದಷ್ಟೂ ಉರಿಯಿತು. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಅನ್ನುತ್ತಾರೆ. ಇಲ್ಲಿ ದೊಣ್ಣೆನಾಯಕನೇ ಇರಲಿಲ್ಲವಲ್ಲಯ್ಯಾ! ಬಾಯಾರಿದವನು ಬೊಗಸೆ ಒಡ್ಡಿದರೆ ಸಾಕಿತ್ತು. ಇವನು ಕಟ್ಟಿದ್ದನ್ನೆಲ್ಲ ಅಳಿಸಿ, ಮೊದಲಿನಿಂದ ತಾನೇ ಬರೆಯಲು ಕೂತ.

ಮರುದಿನ ಮುದುಕ ಬಂದ. "ಈಗ ಬೇಡ ತಾತ, ಆದಾಗ ಹೇಳಿಕಳಿಸುತ್ತೇನೆ" ಎಂದು ಇವನು ಬಾಗಿಲಿನಿಂದಲೇ ಕಳಿಸಿದ.

ಮೊದಲು ಅಲೆ ಬರೆದ. ಅದು ನುಡಿಯುವ ಬದಲು ಟಪಟಪ ಸಿಡಿಯಿತು. ಯಾಕೆ ಸಿಡಿಯುತ್ತದೆ ಅಂತ ಹುಡುಕಲು ಒಂದು ಬೇಸಿಗೆ ಹೋಯಿತು. ಆ ತಂತ್ರಾಂಶ ಬರೆದ ಜನ ಅದೇ ಹಳ್ಳಕ್ಕೆ ಎಂದೋ ಬಿದ್ದು, ಎದ್ದು, ಮುಂದೆ ಯಾರೂ ಬೀಳದಿರಲಿ ಅಂತ ಮೇಲೆ ಚಪ್ಪಡಿ ಹಾಕಿದ್ದರು. ಈ ಪುಣ್ಯಾತ್ಮ ಚಪ್ಪಡಿ ಸರಿಸಿ ಬಿದ್ದ. ಬಿದ್ದದ್ದಕ್ಕೆ ಹೆಮ್ಮೆ ಬೇರೆ.

ಆಮೇಲೆ ಫಿಲ್ಟರ್. ಆಮೇಲೆ, ಕೇಳು, ಸ್ಕ್ರೀನಿನ ಮೇಲೆ ತಿರುಗಿಸುವ ಗುಂಡಿ. ಇದ್ದ ಗುಂಡಿಗಳು ಎಲ್ಲರ ವಾದ್ಯದಲ್ಲೂ ಇರುತ್ತವಂತೆ, ಇವನದು ಬೇರೆಯೇ ಆಗಬೇಕಂತೆ. ಗುಂಡಿಗೆ ಬಣ್ಣ, ಬಣ್ಣಕ್ಕೆ ನೆರಳು, ನೆರಳಿಗೆ ಇನ್ನೊಂದು ನೆರಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ!

"ಗುಂಡಿಯೂ ಚೆನ್ನಾಗಿರಬೇಕಲ್ಲವೆ ಗುರುಗಳೇ?" ಎಂದ ಶಿಷ್ಯ.

"ರಾಮ ರಾಮ! ಬಾಯಿ ಹಾಕಬೇಡ ಅಂದೆ" ಎಂದು ಗುರುಗಳು ಗದರಿ, ಮುಂದುವರಿಸಿದರು:

ಒಂದು ದಿನ ಮೊಮ್ಮಗಳು ಒಬ್ಬಳೇ ಬಂದಳು.

"ಅಣ್ಣಾ, ತಾತ ದಿನಾ ಕೇಳುತ್ತಾರೆ. ಈಗ ನಾನು ಕಿವಿಯ ಹತ್ತಿರ ಬಂದು ಕೂಗಿದರೇನೇ ಅವರಿಗೆ ಗೊತ್ತಾಗುವುದು. ಎಷ್ಟು ಆಗಿದೆಯೋ ಅಷ್ಟನ್ನೇ ಒಂದು ಸಲ ಕೇಳಿಸಿಬಿಡಿ" ಎಂದಳು.

ಇವನಿಗೆ ಅಯ್ಯೋ ಅನ್ನಿಸಿತು. ಅನ್ನಿಸಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೂ, "ಅರ್ಧಂಬರ್ಧ ಕೇಳಿಸುವುದು ನನಗೆ ಸರಿಬರುವುದಿಲ್ಲ ತಂಗಿ. ದನಿಯೆಲ್ಲ ಆಗಿದೆ, ಪ್ಲಗಿನ್ ಮಾಡುವುದೊಂದು ಉಳಿದಿದೆ" ಎಂದ. ಪ್ಲಗಿನ್ ಅಂದರೆ, ಹಾಡು ಕೂಡಿಸುವ ದೊಡ್ಡ ತಂತ್ರಾಂಶದೊಳಗೆ ಈ ವಾದ್ಯವನ್ನು ಸಿಕ್ಕಿಸುವ ಏರ್ಪಾಡು. ಅದು ಆ ಹುಡುಗಿಗೆ ಬೇಕಾಗಿತ್ತೋ? ಇಲ್ಲ. ಮುದುಕನಿಗೆ ಬೇಕಾಗಿತ್ತೋ? ಅವನಿಗೆ ಆ ಹೆಸರೇ ಗೊತ್ತಿರಲಿಲ್ಲ. ಯಾರೂ ಕೇಳದ ಆ ಕೆಲಸಕ್ಕೂ ಬೇರೆಯವರು ಬರೆದ ಸಲಕರಣೆ ಬಿಟ್ಟಿಯಾಗಿ ಸಿಗುತ್ತಿತ್ತು. ಮುಟ್ಟಲಿಲ್ಲ. ತಾನೇ ಬರೆದ. ಒಂದು ತಂತ್ರಾಂಶದಲ್ಲಿ ಅದು ತೆರೆಯಿತು, ಇನ್ನೊಂದರಲ್ಲಿ ತೆರೆಯುವಾಗಲೇ ಎಲ್ಲವನ್ನೂ ಕೆಡವಿಕೊಂಡು ಬಿತ್ತು. ಅದನ್ನು ತಿದ್ದುವಷ್ಟರಲ್ಲಿ ಮಳೆಗಾಲ ಮುಗಿಯಿತು.

ಕೊನೆಗೂ ಆಯಿತು. ಚೆನ್ನಾಗಿಯೇ ಆಯಿತು, ಅದನ್ನು ಇಲ್ಲ ಅನ್ನಬಾರದು. ತೆರೆದ ಕೂಡಲೇ ಅವನ ಹೆಸರೊಂದೇ ದೊಡ್ಡದಾಗಿ ಮೂಡುತ್ತಿತ್ತು. ಅದರಲ್ಲಿ ಒಂದು ಸಾಲೂ ಬೇರೆಯವರದಿರಲಿಲ್ಲ. ಲ್ಯಾಪ್‌ಟಾಪ್, ಸ್ಪೀಕರ್ ಹೊತ್ತುಕೊಂಡು ಮುದುಕನ ಮನೆಗೆ ಓಡಿದ.

ಮುದುಕ ಗೋಡೆಗೆ ಒರಗಿ ಕೂತಿದ್ದ. ಇವನನ್ನು ಕಂಡು ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಮೊಮ್ಮಗಳು ಚಾಪೆ ಹಾಸಿದಳು. ಮುದುಕ ಹತ್ತಿರ ಸರಿದು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಸ್ಪೀಕರಿನ ಕಡೆ ಬಾಗಿದ. ಇವನು ಕೀಲಿ ಒತ್ತಿ ನುಡಿಸಿದ. ದನಿ ಮನೆಯೆಲ್ಲ ತುಂಬಿತು. ಪಕ್ಕದ ಮನೆಯವರು ಹೊಸಿಲಿಗೆ ಬಂದು ನಿಂತರು.

ಮುದುಕ ಇವನ ಬೆರಳುಗಳನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ಕಾದು ನಕ್ಕು, "ಸಂಕೋಚ ಏಕಪ್ಪಾ? ಶುರು ಮಾಡು" ಎಂದ.

ಇವನ ಬೆರಳು ಅಲ್ಲೇ ನಿಂತಿತು. ದನಿ ಏರಿಸಿದ. ಇನ್ನೂ ಏರಿಸಿದ. ಹೊಸಿಲಲ್ಲಿ ನಿಂತವರು ಕಿವಿ ಮುಚ್ಚಿಕೊಂಡರು. ಮುದುಕ ಅದೇ ನಗೆಯಲ್ಲಿ ಕಾಯುತ್ತಾ ಕೂತಿದ್ದ.

ಆಗ ಇವನು ಮೊಮ್ಮಗಳ ಕಡೆ ತಿರುಗಿ, "ತಂಗಿ, ನೀನಾದರೂ ಹೇಳು. ಸರಿಯಿದೆಯಾ? ಮೂಗು ಜಾಸ್ತಿಯಾಯಿತಾ?" ಎಂದು ಕೇಳಿದ.

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ನನ್ನನ್ನು ಕೇಳಿದರೆ ನಾನೇನು ಹೇಳಲಣ್ಣಾ? ನಾನು ಹುಟ್ಟುವ ಹೊತ್ತಿಗೇ ತಾತ ಊದುವುದು ನಿಂತಿತ್ತು. ಮುಖವೀಣೆ ಹೇಗಿರುತ್ತದೆ ಅಂತ ಈ ಮನೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ" ಎಂದಳು.

ಇವನು ಲ್ಯಾಪ್‌ಟಾಪ್ ಮುಚ್ಚಿದ. ಅವನು ಬರೆದದ್ದು ಮುಖವೀಣೆಯೋ, ಬೇರೆ ಏನೋ ಒಂದು ಪೀಪಿಯೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೇಳದವರು ಅದನ್ನು ಬಳಸಲಿಲ್ಲ. ಮೊಮ್ಮಗಳು ಹಾರ್ಮೋನಿಯಂನಲ್ಲೇ ಆಟ ನಡೆಸಿಕೊಂಡು ಹೋದಳು.

ಗುರುಗಳು ಇಷ್ಟು ಹೇಳಿ ಮತ್ತೆ ಕನ್ನಡಕ ಹಾಕಿಕೊಂಡರು. ಶಿಷ್ಯ ತಡೆಯಲಾರದೆ ಕೇಳಿಯೇಬಿಟ್ಟ.

"ಆದರೂ ಗುರುಗಳೇ, ಕೊನೆಗೆ ಆ ವಾದ್ಯ ಪೂರ್ತಿ ಅವನದೇ ಆಯಿತಲ್ಲವೆ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಆಯಿತಪ್ಪಾ, ಅವನದೇ ಆಯಿತು. ಅವನೊಬ್ಬನದೇ."