ಅತ್ತೆಯ ಕೊಕ್ಕೆಗೆ ಸೊಸೆಯ ತೊಟ್ಟಿಲು

ಶಿಷ್ಯ ಕೇಳಿದ: "ಅವ್ವ, ಕಂಪ್ಯೂಟರಿಗೆ ಬೇಕಾದ ತಂತ್ರಾಂಶ ತಂದಿಡುವುದಕ್ಕೆ, ಬೇಡವಾದದ್ದನ್ನು ತೆಗೆಯುವುದಕ್ಕೆ ಪ್ಯಾಕೇಜ್ ಮ್ಯಾನೇಜರ್ ಎಂದು ಒಂದಿರುತ್ತದೆ. ನಮ್ಮ ಮಠದ ಕಂಪ್ಯೂಟರಿನಲ್ಲಿ ಅಂಥವು ಎರಡು ಸೇರಿಕೊಂಡಿವೆ. ಹಿರಿಯರ ಹಾಡು ಕೇಳಿಸುವ ತಂತ್ರಾಂಶ ತಂದದ್ದು ಹೊಸದು. ಹಳೆಯದು ಇವತ್ತು, 'ಇಷ್ಟು ಸಾಮಾನು ಯಾರಿಗೂ ಬೇಕಿಲ್ಲ, ತೆಗೆದುಬಿಡಲೇ' ಎಂದು ಕೇಳುತ್ತಿದೆ. ಹೂಂ ಅನ್ನಲೇ?"

ಗುರು ಅಂದಾನವ್ವ ಹೇಳಿದರು: "ಕೂತುಕೋ. ಒಂದು ಮನೆಯ ಮಾತು ಹೇಳುತ್ತೇನೆ."

ಒಬ್ಬ ವರ್ತಕನಿದ್ದ. ದೊಡ್ಡ ಮನೆ. ಸಾಮಾನು ತರುವುದಕ್ಕೆ, ತೆಗೆಯುವುದಕ್ಕೆ ಒಬ್ಬ ಉಗ್ರಾಣಿ. ಅವನ ಕೆಲಸ ನೋಡಿ ಊರೇ ಬಾಯಿ ಬಿಟ್ಟಿತ್ತು. ದೀಪ ಬೇಕು ಎಂದರೆ ದೀಪ ಒಂದೇ ಬರುತ್ತಿರಲಿಲ್ಲ. ಎಣ್ಣೆ, ಬತ್ತಿ, ಕಂಬ, ಕಂಬದ ಕೆಳಗಿಡುವ ತಟ್ಟೆ, ಎಲ್ಲ ಅದರ ಹಿಂದೆಯೇ ಬರುತ್ತಿದ್ದವು. ತಾನು ತಂದ ಪ್ರತಿಯೊಂದಕ್ಕೂ ಒಂದು ಸುಣ್ಣದ ಬೊಟ್ಟು ಇಡುತ್ತಿದ್ದ. "ಬೇಡದ್ದು ತೆಗೆ" ಎಂದು ಒಡತಿ ಹೇಳಿದರೆ, ದೀಪ ಹೋದ ಮೇಲೆ ಉಳಿದ ಬತ್ತಿಯನ್ನೂ ಹುಡುಕಿ ತೆಗೆಯುತ್ತಿದ್ದ. ತನ್ನ ಬೊಟ್ಟಿನ ಇನ್ನೊಂದು ಸಾಮಾನಿಗೆ ಅದು ಬೇಕಿದ್ದರೆ ಮಾತ್ರ ಮುಟ್ಟುತ್ತಿರಲಿಲ್ಲ. ಅಂಥ ಮನುಷ್ಯ.

ಮಗನಿಗೆ ಮದುವೆಯಾಯಿತು. ಸೊಸೆ ಒಬ್ಬಳೇ ಬರಲಿಲ್ಲ, ತವರಿನ ಉಗ್ರಾಣಿಯನ್ನೂ ಕರೆತಂದಳು. ಈ ಮನೆಯ ಉಪ್ಪು ತನ್ನ ನಾಲಿಗೆಗೆ ಹಿಡಿಸುವುದಿಲ್ಲ ಎಂದು ಮೊದಲನೆಯ ಊಟದಲ್ಲೇ ಅಂದಳಂತೆ. ಅತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಎದ್ದಳಂತೆ. ನನಗೆ ಹೇಳಿದವಳು ಬಡಿಸುತ್ತಿದ್ದವಳೇ, ಸುಳ್ಳಿರಲಾರದು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹೊಸ ಉಗ್ರಾಣಿಯೇನು ಕಡಿಮೆಯವನಲ್ಲ. ಅವನೂ ಒಂದು ಕೇಳಿದರೆ ಹತ್ತು ತರುವವನೇ. ಅವನ ಗುರುತು ಕೆಮ್ಮಣ್ಣಿನ ಗೀರು. ಸುಣ್ಣದವನಿಗೆ ಕೆಮ್ಮಣ್ಣು ಕಾಣದು, ಕೆಮ್ಮಣ್ಣಿನವನಿಗೆ ಸುಣ್ಣ ಕಾಣದು. ಒಡತಿಯರೇ ಮುಖ ತಿರುಗಿಸಿಕೊಂಡು ಓಡಾಡುವಾಗ ಆಳುಗಳಿಗೆ ಯಾವ ಕರ್ಮ, ನೋಡುವುದಕ್ಕೆ? ಮನೆಯಲ್ಲಿ ಎರಡು ಒರಳು, ಎರಡು ಈಳಿಗೆ ಮಣೆ ಆದವು. ಮಗ ಉಪ್ಪು ಎಂದು ಕೂಗಿದರೆ ಬಾಗಿಲಿಗೆ ಹತ್ತಿರ ನಿಂತವನ ಉಪ್ಪು ಎಲೆಗೆ ಬೀಳುತ್ತಿತ್ತು. ಅದು ಅಮ್ಮನದೋ ಹೆಂಡತಿಯದೋ, ಪಾಪ, ತಿನ್ನುವವನಿಗೇ ಗೊತ್ತಿರಲಿಲ್ಲ.

ಇಷ್ಟಾದರೂ ಮನೆ ನಡೆಯಿತು. ಇವತ್ತು ಒಡೆಯುತ್ತದೆ, ನಾಳೆ ಒಡೆಯುತ್ತದೆ ಎಂದು ಬೀದಿಯ ಹೆಂಗಸರು ಜಗಲಿಯಲ್ಲಿ ಕಾದದ್ದೇ ಬಂತು.

ವರ್ತಕ ತೀರಿಕೊಂಡ. ಅವನು ಕೂರುತ್ತಿದ್ದ ತೂಗುಮಣೆಯನ್ನು ಕಣ್ಣಿಂದ ನೋಡಲಾರದೆ ಅತ್ತೆ ಇಳಿಸಿ ದಾನ ಕೊಟ್ಟಳು. ಸುಣ್ಣದ ಬೊಟ್ಟಿದ್ದ ಅದರ ಕೊಕ್ಕೆಗಳು ನಡುಮನೆಯ ಸೂರಿನಲ್ಲೇ ಉಳಿದವು. ಆ ದುಃಖದಲ್ಲಿ ಅವನ್ನು ಯಾರು ನೆನೆಯುತ್ತಾರೆ.

ಸೊಸೆ ಹೆತ್ತಳು. ತೊಟ್ಟಿಲು ತಾ ಎಂದಳು. ತವರಿನವನು ತೊಟ್ಟಿಲು ತಂದ, ಹಗ್ಗ ತಂದ, ಮೆತ್ತೆ ತಂದ, ಮೇಲೆ ಕಟ್ಟುವ ಗಿಳಿಯನ್ನೂ ತಂದ. ಕೊಕ್ಕೆ ತರಲಿಲ್ಲ. ಸೂರಿನಲ್ಲಿ ಗಟ್ಟಿಯಾದದ್ದು ಆಗಲೇ ಇತ್ತು. ಆಗ ಮಾತ್ರ ಅವನಿಗೆ ಸುಣ್ಣ ಕಂಡಿತು ನೋಡು. ಬೊಟ್ಟಿನ ಮೇಲೆ ಒಂದು ಮೊಳ ಹೂವು ಸುತ್ತಿ, ಹಗ್ಗ ಬಿಗಿದು, ಬಾಯಿ ಮುಚ್ಚಿಕೊಂಡ. ಅತ್ತೆಯ ಕೊಕ್ಕೆಗೆ ನಿಮ್ಮ ಕೂಸು ಹಾಕಿದ್ದೇನೆ ಎಂದರೆ ಸೊಸೆ ಮಗುವನ್ನು ನೆಲದ ಮೇಲಾದರೂ ಮಲಗಿಸಿಯಾಳು, ಅದರಲ್ಲಿ ಮಲಗಿಸುವವಳಲ್ಲ.

ಹಬ್ಬ ಹತ್ತಿರ ಬಂತು. ಅತ್ತೆ ತನ್ನ ಉಗ್ರಾಣಿಯನ್ನು ಕರೆದು, ಯಾರಿಗೂ ಬೇಡದ್ದನ್ನೆಲ್ಲ ತೆಗೆದು ಮನೆ ಹಗುರ ಮಾಡು ಎಂದಳು. ಅವನು ಅಟ್ಟ ಹತ್ತಿದ. ಸೂರಿನ ಕೊಕ್ಕೆಗಳನ್ನು ಮೇಲಿನಿಂದ ಬಿಗಿದ ಬೆಣೆಗಳು ಅಲ್ಲಿದ್ದವು. ತೂಗುಮಣೆ ಹೋಗಿದೆ. ಸುಣ್ಣದ ಬೊಟ್ಟಿನ ಬೇರೆ ಯಾವುದಕ್ಕೂ ಈ ಕೊಕ್ಕೆ ಬೇಕಿಲ್ಲ. ಅಟ್ಟದಿಂದ ನಡುಮನೆ ಕಾಣುವುದಿಲ್ಲ. ಬೆಣೆ ಕಳಚಲು ಕೊಡತಿಯಿಂದ ಹೊಡೆದ.

ಈಗ ಕೇಳು. ಸೊಸೆ ಬಚ್ಚಲಿಗೆ ಹೋದಳೆಂದರೆ ಸಾಕು, ಅತ್ತೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ತೊಟ್ಟಿಲ ಕೆಳಗೆ ಕೂತು ಮೊಮ್ಮಗುವನ್ನು ತೂಗುತ್ತಿದ್ದಳು. ಆ ಕೂಸನ್ನು ಮುಟ್ಟಿದರೆ ನನ್ನ ಕೈ ಸೇದಿಹೋಗಲಿ ಎಂದು ಬೀದಿಗೆಲ್ಲ ಸಾರಿಕೊಂಡು ತಿರುಗಿದವಳು ಇವಳೇ. ದಿನಾಲೂ ಇದೇ ಕಳ್ಳಾಟ. ಅವತ್ತೂ ಕೂತಿದ್ದಳು. ಕೊಕ್ಕೆ ಕಳಚಿತು. ತೊಟ್ಟಿಲು ನೇರ ಅವಳ ಮಡಿಲಿಗೆ ಬಂತು. ಅವಳ ಮೊಣಕೈ ಕೆಳಗಿನ ಕಲ್ಲಿಗೆ ಬಡಿದು ಮುರಿಯಿತು. ಕೂಸಿಗೆ ಎಚ್ಚರವೂ ಆಗಲಿಲ್ಲ.

ಸೊಸೆ ಒದ್ದೆ ಕೂದಲಲ್ಲೇ ಓಡಿ ಬಂದು, ಅತ್ತೆಯ ಮಡಿಲಲ್ಲಿ ಮಲಗಿದ್ದ ಮಗುವನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅತ್ತೆ ಸೂರಿನ ಕಡೆ ಮುಖ ಎತ್ತಿ ಕೇಳಿದಳು: "ಏನೋ ಮಾಡಿದೆ, ಹಾಳಾದವನೇ?"

ಅಟ್ಟದಿಂದ ಉತ್ತರ ಬಂತು: "ಯಾರಿಗೂ ಬೇಡದ್ದು ತೆಗೆ ಅಂದಿರಲ್ಲ, ಅಮ್ಮಾವ್ರೇ. ನನ್ನ ಬೊಟ್ಟಿನದು ಯಾವುದೂ ಅದರಲ್ಲಿ ನೇತಾಡುತ್ತಿರಲಿಲ್ಲ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಹೇಳಿದ: "ಹಾಗಾದರೆ ಈಗಲೇ ಹೂಂ ಅನ್ನುವುದಿಲ್ಲ. ಹಾಡಿನ ತಂತ್ರಾಂಶ ಹಳೆಯದರ ಯಾವ ಕೊಕ್ಕೆಗೆ ನೇತಾಡುತ್ತಿದೆಯೋ ಮೊದಲು ನೋಡುತ್ತೇನೆ. ಅದಿರಲಿ ಅವ್ವ, ತಪ್ಪು ಯಾರದು? ಬೆಣೆ ಕಳಚಿದವನದೋ, ಹೇಳದೆ ತೊಟ್ಟಿಲು ಕಟ್ಟಿದವನದೋ?"

ಅಂದಾನವ್ವ ಹೇಳಿದರು: "ತಪ್ಪು ಯಾರದೆಂದು ಕೇಳುವುದಕ್ಕೆ ಅವತ್ತು ಊರಿಗೆ ಊರೇ ಬಾಗಿಲಲ್ಲಿ ನಿಂತಿತ್ತು, ಒಬ್ಬರ ಮುಖ ಒಬ್ಬರು ನೋಡದ ಆ ಮನೆಯಲ್ಲಿ ಕೂಸು ಅಷ್ಟು ದಿನ ಯಾರನ್ನು ನಂಬಿ ನಿದ್ದೆ ಮಾಡಿತು ಎಂದು ಮಾತ್ರ ಯಾರೂ ಕೇಳಲಿಲ್ಲ."