ಕಂಪ್ಯೂಟರ್ ಮಾಡಿದ ಭಾಷಣ

ಪದ್ಯವನ್ನು ರಾಗವಾಗಿ ಹೇಳಿಕೊಡುವುದೆಂದರೆ ಕನ್ನಡ ಕಲಿಸುವ ನೀಲಮ್ಮ ಅಕ್ಕೋರಿಗೆ ಪ್ರಾಣ. ಶಾಲೆಗೆ ಕಂಪ್ಯೂಟರ್ ಬಂದದ್ದೇ ತಡ, ಶಿಕ್ಷಣಾಧಿಕಾರಿ ಹಂಪಣ್ಣನವರು ಅಪ್ಪಣೆ ಕೊಡಿಸಿದರು. “ಇನ್ನ ಪದ್ಯ ಕಂಪ್ಯೂಟರೇ ಓದ್ತೈತಿ. ನೀವು ಬಾಯಿ ತೆಗೀಬ್ಯಾಡ್ರಿ.” ಉದ್ಘಾಟನೆಗೆಂದು ಬರೆದ ತಮ್ಮ ಭಾಷಣವನ್ನೂ ಅದರಲ್ಲಿ ಟೈಪ್ ಮಾಡಲು ಅಕ್ಕೋರಿಗೇ ಕೊಟ್ಟರು.

“ಆಗ್ಲಿ ಸರ್,” ಎಂದರು ಅಕ್ಕೋರು. ಒಳಗೊಳಗೇ ಸಂಕಟ.

ಉದ್ಘಾಟನೆಯ ದಿನ ಸಾಹೇಬರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕೋರು ಗುಂಡಿ ಒತ್ತಿದರು; ಕಂಪ್ಯೂಟರೇ ಸಾಹೇಬರ ಭಾಷಣ ಶುರುಮಾಡಿತು. ತೀರಿಹೋದ ತಾಯಿಯನ್ನು ನೆನೆದ ಮಾತುಗಳನ್ನು ಅದು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂತೆ ಒದರಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.

“ಬಂದ್ ಮಾಡ್ರೀ! ನಮ್ಮವ್ವನ ಮಾತು ನಾನೇ ಹೇಳ್ಬೇಕು. ಅದಕ್ಕೇನು ಗೊತ್ತು?”

ಅಕ್ಕೋರು ಬಂದ್ ಮಾಡಿದರು. “ಹಂಗಾದ್ರ ಪದ್ಯ ಯಾರು ಹೇಳ್ಬೇಕ್ರಿ ಸರ್?”

ಸಾಹೇಬರು ತಾವೂ ನಕ್ಕುಬಿಟ್ಟರು.

“ನೀವೇ ಹೇಳ್ರಿ ಅಕ್ಕೋರ. ಈಗ ಮೈಕ್ ಒಂಚೂರು ನನಗೂ ಬಿಡ್ರಿ.”